ಕರಡು, ಕರಡಿಗೆ

ಮೂವತ್ತೆಂಟು ವರ್ಷ ಮಂಡಿಪೇಟೆಯ ಅಚ್ಚುಕೂಟದಲ್ಲಿ
ಮೊಳೆ ಜೋಡಿಸಿದವನು ನಾನು.
ಕಣ್ಣಿಗಿಂತ ಮೊದಲು ಬೆರಳಿಗೆ ಓದು ಬಂದದ್ದು,
ಅದೂ ತಿರುಗುಮುರುಗು, ಕನ್ನಡಿಯೊಳಗಿನ ಕನ್ನಡ.
ಒಪ್ಪು, ಅಪ್ಪು, ತಪ್ಪು:
ಮೊದಲ ಮೊಳೆ ಕಿತ್ತು ಬೇರೆ ಕೂರಿಸಿದರಾಯ್ತು,
ಉಳಿದದ್ದು ಅಲುಗಾಡುವುದಿಲ್ಲ.
ಕೇಸಿನಲ್ಲಿ ಅಕಾರಕ್ಕೂ ಒಕಾರಕ್ಕೂ ಒಂದು ಗೇಣು ದೂರ.
ಮನೆಯಲ್ಲಿ ಎಷ್ಟು ದೂರ ಅಂತ
ಅಳೆಯಲು ಹೋಗಿ ಮುದುಕನಾದೆ.

ತಮ್ಮ ಹಾಲೇಶ ಇಪ್ಪತ್ತಾರನೇ ವಯಸ್ಸಿಗೆ
ಕೊರಳಿನ ಕರಡಿಗೆ ಬಿಚ್ಚಿ ಗೂಟಕ್ಕೆ ಸಿಕ್ಕಿಸಿದ,
ಒದ್ದೆ ಟವೆಲಿನ ಪಕ್ಕ.
ಜಗಳಾಡಿ ಅಲ್ಲ. ಹಲ್ಲುಜ್ಜಿ ಬಂದು, ಚಾ ಕುಡಿದು,
"ನಂಗಿದು ಸುಳ್ಳನ್ನಿಸ್ತೈತಿ ಅಣ್ಣ,
ಸುಳ್ಳು ಅಂತ ಹೊತ್ಕಂಡು ತಿರುಗಿದ್ರೆ ಅದಕ್ಕೂ ಅವಮಾನ" ಅಂದ.

ಅವ್ವ ಮೂರು ದಿನ ಉಣ್ಣಲಿಲ್ಲ.
ನಾನು ಬೈಯಲಿಲ್ಲ, ಬಡಿಯಲಿಲ್ಲ.
ದೊಡ್ಡ ಮನಸ್ಸು ಅಂದರು ಓಣಿಯವರು. ನಾನೂ ನಂಬಿದೆ.
ಗೂಟದಿಂದ ಕರಡಿಗೆ ಇಳಿಸಿ
ನನ್ನದರ ಜೊತೆ ಅದಕ್ಕೂ ದಿನಾ ನೀರೆರೆದೆ,
ವಿಭೂತಿ ಹಚ್ಚಿದೆ, ಅವನಿಗೆ ಕೇಳುವಷ್ಟು ಗಟ್ಟಿಯಾಗಿ
"ಬುದ್ಧಿ ಕೊಡಪ್ಪಾ" ಅಂದೆ.
ಆಚೆ ಕೋಣೆಯಲ್ಲಿ ಅವನು
ರೇಡಿಯೋ ಸಣ್ಣ ಮಾಡುತ್ತಿದ್ದ, ವಾರ್ತೆಯ ಹೊತ್ತಲ್ಲೂ.

ಹನ್ನೊಂದು ವರ್ಷ ಹೀಗೆ.
ಹನ್ನೆರಡನೆಯದರಲ್ಲಿ ಒಂದು ಬೆಳಗ್ಗೆ ಬಾಗಿಲಿಗೆ ಬಂದು ನಿಂತ:
"ನೀ ನನ್ನ ತಾಳ್ಕಂಡಿಲ್ಲ ಅಣ್ಣ, ಕಾಯ್ಕಂತ ಕುಂತೀ,
ತಪ್ಪಿಹೋದ ಹರಿಹರದ ಬಸ್ಸು
ತಿರುಗಿ ಬರ್ತೈತಿ ಅನ್ನೋ ಹಂಗೆ.
ತಾಳಿದವ ಬಾಳಿಯಾನು ಅಂತ ಗೋಡೆಗೆ ಹಾಕೀಯಲ್ಲ,
ತಾಳಿಸಿಕೊಂಡವನ ಗತಿ ಏನು? ಅದನ್ನೂ ಅಚ್ಚು ಹಾಕ್ಸು."

"ನಿಂದು ಸರಿ ಅನ್ಲಾ ಹಂಗಾರೆ? ಅನ್ನಲ್ಲ.
ನಾಳೆ ಸತ್ತರೆ ನಿನ್ನ ಎಡಗೈಯಾಗೆ ಏನಿಡ್ಲಿ, ಹೇಳು."
"ಒಂದು ಹಿಡಿ ಮಂಡಕ್ಕಿ ಇಡು. ಖಾರ ಹಚ್ಚಿ."
ನಗಲಿಲ್ಲ ನಾನು.
ನಾಲ್ಕನೇ ದಿನ, ಯಾರದೋ ಗೃಹಪ್ರವೇಶದ ಕಾರ್ಡು ಜೋಡಿಸುತ್ತಾ
ಒಬ್ಬನೇ ನಕ್ಕು, ಸ್ಟಿಕ್ಕು ಕೈಜಾರಿ,
‘ತಮ್ಮ ಆಗಮನಾಭಿಲಾಷಿಗಳು’
ನೆಲದ ತುಂಬ ಚೆಲ್ಲಿಹೋದರು.

ಅದೇ ಚಳಿಗಾಲ ಅವನ ಸಂಘದ ಕರಪತ್ರ
ನಮ್ಮ ಪ್ರೆಸ್ಸಿಗೇ ಬಂತು.
"ಬ್ಯಾಡಾಂದ್ರೆ ವಾಪಸ್ ಕಳಿಸಾನ" ಅಂದರು ಮಾಲೀಕರು.
ಜೋಡಿಸಿದೆ. ಒಂದೊಂದು ಸಾಲೂ
ನನ್ನ ದೇವರ ಗೂಡಿಗೆ ಬೀಸಿದ ಕಲ್ಲು,
ಒಂದೊಂದು ಕಲ್ಲೂ ನನ್ನ ಬೆರಳು ದಾಟಿಯೇ ಹೋಗಬೇಕು.
ಹಾಲೇಶನ ಕೈಬರಹದಲ್ಲಿ ‘ಮೂಡನಂಬಿಕೆ’ ಅಂತಿತ್ತು, ಐದು ಕಡೆ.
ಬಿಟ್ಟುಬಿಡಬಹುದಿತ್ತು.
ಬರೆದದ್ದನ್ನು ಬರೆದಂತೆ ಕೂರಿಸುವುದು ನನ್ನ ಕಸುಬು,
ಓದಿದವರು ನಗುತ್ತಿದ್ದರು, ಒಳಗೊಳಗೆ ನಾನೂ.
ಕರಡು ತೆಗೆದ ಮೇಲೆ, ರಾತ್ರಿ ಎಂಟೂವರೆಗೆ,
ಕರೆಂಟು ಹೋದ ಪ್ರೆಸ್ಸಿನಲ್ಲಿ ಮೇಣದ ಬತ್ತಿ ಹಚ್ಚಿ,
ಚಿಮಟ ಹಿಡಿದು
ಐದೂ ಡಕಾರ ಕಿತ್ತು, ಐದು ಢಕಾರ ಕೂರಿಸಿದೆ.
ನನ್ನನ್ನೇ ಬೈಯುವ ಮಾತಿಗೆ
ನಾನೇ ಮಹಾಪ್ರಾಣ ಕೊಟ್ಟೆ.
ಇದಕ್ಕೆ ಏನೆನ್ನುತ್ತಾರೋ ತಿಳಿಯದು.
ಒಪ್ಪಿದ್ದಂತೂ ಅಲ್ಲ.

ಪ್ರೆಸ್ಸು ಮುಚ್ಚಿತು. ಸೀಸದ ತೂಕಕ್ಕೆ ಹೋದವು ಅಷ್ಟೂ ಅಕ್ಷರ.
ಈಗ ನನ್ನ ಮಂಡಿ ಹಿಡಿದುಕೊಂಡಿದೆ,
ಬಿಲ್ವಪತ್ರೆಗೆ ಹೋಗಲಾರೆ.
ಹಾಲೇಶನೇ ತರುತ್ತಾನೆ, ಬೆಳಗಿನ ವಾಕಿಂಗಿನಿಂದ ಬರುವಾಗ.
"ಗಿಡ ದಾರಿಯಾಗೇ ಐತಿ, ಅದ್ಕೆ" ಅನ್ನುತ್ತಾನೆ.
ಗಿಡ ಇರುವುದು ರೈಲ್ವೆ ಗೇಟಿನ ಆಚೆ, ಅವನ ದಾರಿಯಲ್ಲಲ್ಲ.
ಕೊಡುವಾಗ ಮುಖ ಬೇರೆ ಕಡೆ.

ಈಗಲೂ ಎರಡಕ್ಕೂ ನೀರೆರೆಯುತ್ತೇನೆ.
ಬುದ್ಧಿ ಕೊಡು ಅನ್ನುವುದನ್ನು ಬಿಟ್ಟಿದ್ದೇನೆ.
ಒಮ್ಮೊಮ್ಮೆ ನಾಲಿಗೆಯ ತುದಿಗೆ ಬರುತ್ತದೆ, ನುಂಗುತ್ತೇನೆ.
ಆಮೇಲೆ ಕನ್ನಡಕ ಹಾಕಿ, ಹಳೇ ಚಾಳಿ,
ಎಲೆಗಳನ್ನು ಒಂದೊಂದಾಗಿ ಓದುತ್ತೇನೆ:
ಮೂರು ದಳವೂ ಸರಿಯಾಗಿವೆ. ತೂತಿಲ್ಲ, ಹರಿದಿಲ್ಲ.
ಹುಳ ಮುಟ್ಟಿದ್ದನ್ನೆಲ್ಲ
ಗಿಡದ ಬುಡದಲ್ಲೇ ಆರಿಸಿ ಎಸೆದು ಬಂದಿದ್ದಾನೆ,
ನಂಬದವನು.