ಅರಳು

ದಾವಣಗೆರೆಯ ಮಂಡಕ್ಕಿ ಭಟ್ಟಿ. ಬೆಂಕಿ ಇಳಿಯುವ ಹೊತ್ತು.
ಕೊನೆಯ ಒಬ್ಬೆ ಮುಗಿದ ಮೇಲೆ
ನನ್ನ ಒಂದು ಸೇರು ಬಿಳಿಜೋಳಕ್ಕೆ ಪಾಳಿ.
ಖೈರುನ್‌ಬಿ ನೀರು ಚಿಮುಕಿಸಿ, ಬಟ್ಟೆಯಲ್ಲಿ ತಿಕ್ಕಿ
ಕಾದ ಮರಳಿಗೆ ಸುರಿದಳು.

ಮೊದಲು ಏನೂ ಇಲ್ಲ.
ಆಮೇಲೆ ಯಾರೋ ಕಿಸಕ್ಕನೆ ನಕ್ಕ ಹಾಗೆ ಒಂದು,
ಅದನ್ನು ಕೇಳಿ ಇನ್ನೊಂದು,
ಆಮೇಲೆ ಇಡೀ ತರಗತಿ.

"ಗೋವಿನಜೋಳದ್ದು ಬರೀ ಅಬ್ಬರ," ಜರಡಿ ಆಡಿಸುತ್ತ ಅಂದಳು,
"ಇದು ಹಲ್ಲಿಗೆ ಸಿಗಂಗಿಲ್ಲ, ಹೊಟ್ಟಿಗೂ ಹಗುರ.
ನಿಮ್ಮ ಶುಗರ್ ಎಷ್ಟೈತಿ?"
ನಾನು ಹೇಳಲಿಲ್ಲ.

ಭಾನುವಾರ ಸಿನಿಮಾ. ಬಾಗಿಲಲ್ಲಿ ಹುಡುಗ
ಬ್ಯಾಗಿಗೆ ಕೈ ಹಾಕಿದ:
ಕನ್ನಡಕ, ಗುಳಿಗೆ, ಸ್ವೆಟರ್,
ಸ್ವೆಟರಿನ ತೋಳೊಳಗೆ ಗಂಟು ಕಟ್ಟಿದ ಅರಳು.
"ಹೊರಗಿನ ತಿಂಡಿ ತರಂಗಿಲ್ಲ, ಅಮ್ಮಾ."
"ತಿಂಡಿ ಅಲ್ಲಪ್ಪಾ, ಪಥ್ಯ."

ಒಂದನ್ನು ಎತ್ತಿ ಟ್ಯೂಬ್‌ಲೈಟಿಗೆ ಹಿಡಿದ.
ಇಷ್ಟೇ ಇಷ್ಟು, ಹಾಲುಹಲ್ಲಿನಷ್ಟು.
"ಅಳ್ಳು," ಎಂದ, "ಪಂಚಮಿಗೆ ನಮ್ಮವ್ವ..."
ಹಿಂದೆ ಸಾಲು ಬೆಳೆದಿತ್ತು. ಮುಂದೆ ಹೇಳಲಿಲ್ಲ,
ಅಂಗೈ ಮಾತ್ರ ಹಿಡಿದ.

ಒಂದು ಹಿಡಿ ಸುರಿದು ಒಳಗೆ ಹೋದೆ.
ಸುತ್ತಲೂ ಬೆಣ್ಣೆ ವಾಸನೆಯ ಕತ್ತಲು,
ಮಡಿಲಲ್ಲಿ ಉಪ್ಪು, ಒಂಚೂರು ಅರಿಶಿನ.
ನಾಯಕ ಇನ್ನೂ ಬಂದಿರಲಿಲ್ಲ,
ಅರಳದ ಕಾಳೊಂದು ಕಟಕ್ಕೆಂದು ಹಲ್ಲಿಗೆ ಸಿಕ್ಕಿತು.

ಖೈರುನ್‌ಬಿಗೆ ಹೇಳಬೇಕು.
ಶುಗರಿನದೂ.