ಅರೆಮಿನುಗು

ವಿರಾಜಪೇಟೆ, ಮಲಬಾರ್ ರೋಡಿನ ಶೆಡ್ಡು.
ಅರವತ್ತೆರಡರ ಫಿಯೆಟ್, ಸೀಟು ಕಿತ್ತು ಬಾಯಿ ತೆರೆದಿದೆ.
“ಡ್ಯಾಶ್‌ಬೋರ್ಡು ಫಳಫಳ ಅನ್ನಬೇಕು ಮೊಯ್ದು,” ಅಂದರು ದೇಚಮ್ಮ.

ಹೊಳೆದರೆ, ಮಾಕುಟ್ಟ ಇಳಿಯುವಾಗ
ಬಿಸಿಲು ಅದರ ಮೇಲಿಂದ ಪುಟಿದು
ಗಾಜಿಗೆ ಬಡಿದು ತಿರುವನ್ನೇ ನುಂಗುತ್ತದಮ್ಮ.
ನಂಬಲಿಲ್ಲ.

ಮೂರು ತಗಡಿಗೆ ಬಳಿದು ಬಾಗಿಲಲ್ಲಿಟ್ಟೆ:
ಒಂದರಲ್ಲಿ ಕನ್ನಡಕದ ಸಮೇತ ಅವರ ಮುಖ,
ಒಂದು, ಒಲೆಯ ಹಿಂದಿನ ಗೋಡೆ,
ನಡುವಿನದು
ಮಳೆ ಬಿಟ್ಟು ಅರ್ಧ ಗಂಟೆಯಾದ ಡಾಂಬರು.

ಗ್ಲೋವ್‌ಬಾಕ್ಸಿನ ಮುಚ್ಚಳದ ಒಳಮೈ ಸಾಕ್ಷಿ ಹೇಳಿತು:
ಬಿಸಿಲು ಕಾಣದ ಕಂಪನಿ ಬಣ್ಣ, ಇದೇ ನಡುವಿನದು.

ಆದರೆ ಎಡಗಡೆ ಅಂಚಿನಲ್ಲಿ
ನಾಲ್ಕು ಬೆರಳಗಲ ಕನ್ನಡಿ ಹೊಳಪು.
ಯಾವ ಡಬ್ಬದ್ದೂ ಅಲ್ಲ.

“ನಾನು ಹಿಡಿದೂ ಹಿಡಿದೂ ಆದದ್ದು,” ಅಂದರು,
“ನಮ್ಮವರು ಓಡಿಸುತ್ತಿದ್ದ ರೀತಿಗೆ!”

ಮಾಸ್ಕಿಂಗ್ ಟೇಪು ಮೊದಲು ಅಲ್ಲಿಗೇ ಅಂಟಿಸಿದೆ.