ಹನ್ನೊಂದು ಸಾಲು

ಮಂಡಿಪೇಟೆಯ ಹಿಂದಿನ ಸಂದಿಯಲ್ಲಿ ನಮ್ಮ ಪ್ರೆಸ್ಸು.
ಕಾಲಲ್ಲಿ ತುಳಿಯುವ ಟ್ರೆಡಲ್ಲು, ಒಂದೇ ಬಲ್ಬು,
ಅರಳೆಯ ಧೂಳು ಕಿಟಕಿಯಿಂದ ಬಂದು
ಮಸಿಯ ರೋಲರಿಗೆ ಮೆತ್ತುತ್ತಿತ್ತು.
ಮುರಿಗೇಶಿಯವರು ಸಂಪಾದಕರು,
ದಸ್ತಗೀರನೆಂಬ ನಾನು ಮೊಳೆ ಜೋಡಿಸುವವ.
ಪತ್ರಿಕೆಯ ಹೆಸರು 'ನೂಲು'. ವಾರಕ್ಕೆ ನಾಲ್ಕು ಪುಟ,
ಕಾಗದ ಸಾಲ ಸಿಕ್ಕರೆ.

ಅವರು ಬರೆಯುತ್ತಿದ್ದುದು ನಿಂತೇ.
ರಾತ್ರಿಪಾಳಿ ಬಿಡುವ ಹೊತ್ತಿಗೆ ಮಿಲ್ಲಿನ ಗೇಟು,
ಬೆರಳು ಕಳಕೊಂಡ ಹುಡುಗನ ಹೆಸರು, ಯಂತ್ರದ ನಂಬರು,
ಮೇಸ್ತ್ರಿ ಅಂದ ಮಾತು, ಅಂದ ಹಾಗೇ.
"ದಸ್ತಗೀರಾ, ಇಷ್ಟು ಬೈಗುಳಕ್ಕೆ ಳ ಸಾಕಾಗ್ತವೇನೋ?"
ನಮ್ಮಲ್ಲಿ ಳ-ಗೆ ಯಾವಾಗಲೂ ಬರ.
ಮಿಲ್ಲಿನ ಜಾಹೀರಾತು ನಿಂತಿತು, ಆಮೇಲೆ ಜವಳಿ ಅಂಗಡಿಯದು,
ಕೊನೆಗೆ ಹಲ್ಲುಪುಡಿಯದೂ.

ಅರವತ್ತೆರಡರ ಚಳಿಯಲ್ಲಿ ಫೌಜುದಾರರು ಬಂದು
ಎರಡು ಕೇಸು ಮೊಳೆ ನೆಲಕ್ಕೆ ಸುರಿದು ಕೇಳಿದರು,
"ನೀವು ಚೀನಾದ ಕಡೆಯವರೋ?"
ಕುಕ್ಕರಗಾಲಲ್ಲಿ ಅಕ್ಷರ ಆರಿಸುತ್ತ ಇವರು,
"ಗೇಟಿನ ಕಡೆಯವನು, ಸ್ವಾಮಿ."
ಹದಿನಾಲ್ಕು ದಿನ ಒಳಗಿಟ್ಟು ಬಿಟ್ಟರು.
ಬಿಟ್ಟ ಮೂರನೇ ವಾರ ಸೈನ್ಯಕ್ಕೆ ಅರ್ಜಿ.

ಯಾಕೆಂದು ಊರೆಲ್ಲ ಹೇಳಿತು, ಅವರೊಬ್ಬರನ್ನು ಬಿಟ್ಟು.
ಹೆದರಿ, ಅಂದರು ಮಂಡಿಯವರು. ಸಂಬಳಕ್ಕೆ, ಅಂದ ಅಣ್ಣ.
ಸಂಘದವರು ಏನೂ ಅನ್ನದೆ ಬೀಡಿ ಆರಿಸಿ ಎದ್ದುಹೋದರು.
ನನಗೆ ಅಂದದ್ದಿಷ್ಟು:
"ಗೇಟಿನ ಹುಡುಗರು ಐದು ಜನ ಭರ್ತಿ ಆದರು ಕಣೋ.
ಅವರ ಸುದ್ದಿ ಯಾರು ಬರೀತಾರೆ?"

ಬರೆಯಲಿಲ್ಲ.
ಬಿ.ಎ. ಆಗಿತ್ತು, ಹೆಗಲಿಗೊಂದು ನಕ್ಷತ್ರ ಕೊಟ್ಟರು,
ಕನ್ನಡ ಬಲ್ಲ ಸಾಹೇಬರು ಅಂತ
ಜವಾನರ ಕಾಗದದ ಚೀಲ ಮುಂದೆ ಸುರಿದರು:
ಓದು, ಹೊಡೆದುಹಾಕು, ಅಂಟಿಸು.

ಅರವತ್ತೈದರ ಸೆಪ್ಟೆಂಬರು.
ಚಾದಂಗಡಿಯಲ್ಲಿ ಆ ತಿಂಗಳು ನನ್ನ ಲೋಟ
ಎಲ್ಲರದಕ್ಕಿಂತ ತುಸು ತಡವಾಗಿ ಬರುತ್ತಿತ್ತು.
ಒಂದು ದಿನ ಪೋಸ್ಟಿನ ತಿಪ್ಪಯ್ಯ, ಮಂಡಕ್ಕಿ ಮೆಲ್ಲುವವರ ನಡುವೆ ನಿಂತು
ನನ್ನ ಕಾರ್ಡು ಗಟ್ಟಿಯಾಗಿ ಓದಿದ:
'ದಸ್ತಗೀರಾ, ಇಲ್ಲಿಯೂ ಹತ್ತಿ ಹೊಲ. ಕಾಯಿ ಒಡೆದಿದೆ. ಅದರೊಳಗೆ'
ಮುಂದೆ ಒಂದೂವರೆ ಸಾಲು ಯಾರದೋ ಮಸಿ.
'ಳ ತರಿಸಿದೆಯಾ?'
ಅವತ್ತು ಲೋಟ ಬೇಗ ಬಂತು.
ಆರುವ ತನಕ ನಾನು ಮುಟ್ಟಲಿಲ್ಲ.

ಬಂದದ್ದು ಅರವತ್ತೇಳರಲ್ಲಿ, ಪೂನಾ ಪ್ಯಾಸೆಂಜರಿಗೆ.
ಎಡಗಿವಿ ಹೋಗಿತ್ತು.
ಮಿಲ್ಲು ಕೂಗಿದರೆ ಬಲಕ್ಕೆ ತಿರುಗುವರು,
ಮಿಲ್ಲು ಇದ್ದದ್ದು ಎಡಕ್ಕೆ.
ಪತ್ರಿಕೆ ಮತ್ತೆ ಹಚ್ಚೋಣ ಅಂದೆ.
"ಸ್ಟಿಕ್ಕು ತಗೋ" ಅಂದರು. ಕಣ್ಣು ಮುಚ್ಚಿ ಹೇಳುತ್ತ ಹೋದರು
ತಾವೇ ಹೊಡೆದುಹಾಕಿದ್ದನ್ನು:

'ಬೂಟು ಬಂತು, ಎರಡೂ ಎಡಗಾಲಿಂದು.'
'ಕಾಲುವೆ ದಾಟಿದ್ದು ಹದಿನೆಂಟು, ಉಣ್ಣಲು ಕೂತದ್ದು ಏಳು.'
'ಅವನೂ ನೂಲಿನವನೇ ಇರಬೇಕವ್ವಾ,
ಬೆರಳ ಸಂದಿ ನನ್ನ ಹಾಗೇ ಸೀಳಿತ್ತು.'
'ಎಮ್ಮೆ ಮಾರಬೇಡ.'

ಇದನ್ನ್ಯಾಕೆ ಹೊಡೆದಿರಿ, ಕೇಳಿದೆ.
"ಕೈ ತಪ್ಪಿ." ಆಮೇಲೆ, ಬಹಳ ಹೊತ್ತಿನ ಮೇಲೆ,
"ಮಾರಿಬಿಟ್ಟರಂತೆ."

ಒಟ್ಟು ಹನ್ನೊಂದು ಸಾಲು. ಯಾರದೆಂದು ಹೇಳಲಿಲ್ಲ.
ಐದು ಹುಡುಗರಲ್ಲಿ ಮೂವರು ತಿರುಗಿ ಬಂದಿದ್ದರು,
ನಾನೂ ಕೇಳಲಿಲ್ಲ.
ಒಂದೇ ಒಂದು ಪ್ರೂಫ್ ತೆಗೆದೆ.
ದೀಪದ ಹತ್ತಿರ ಹಿಡಿದು ಓದಿದರು,
ಒಂದು ಅಲ್ಪವಿರಾಮ ತಿದ್ದಿದರು, ಮಡಚಿ ಜೇಬಿಗಿಟ್ಟರು.
"ಸಾಕು. ಬಿಚ್ಚಿಬಿಡು."

ಬಿಚ್ಚಿ, ಮೊಳೆಗಳನ್ನು ಅವವುಗಳ ಮನೆಗೆ ಹಾಕಿದೆ.
ಅದೇ ವಾರ ಹಳೇಪೇಟೆಯದೊಂದು ಲಗ್ನಪತ್ರಿಕೆ.
'ಎಮ್ಮೆ'ಯ ಒತ್ತು 'ನಮ್ಮಲ್ಲಿ'ಗೆ ಕೂತಿತು.
ಳ ಮತ್ತೆ ಕಡಿಮೆ ಬಿತ್ತು.
ಪಿ.ಬಿ. ರೋಡಿನಾಚೆಯ ಪ್ರೆಸ್ಸಿನಲ್ಲಿ ಕೈಗಡ ಕೇಳೋಣವೆಂದು
ಅವರೇ ಚಪ್ಪಲಿ ಮೆಟ್ಟಿ ಹೊರಟರು.
ಲಾರಿಗಳ ಹೊತ್ತು.
ನಾನು ಅವರ ಎಡಗಡೆ ನಡೆದೆ.